ಮೇಲಿನ ನೀರು, ತಳದ ನೀರು

ಹೆಬ್ಬಗೋಡಿ ಬಸ್ ಸ್ಟಾಪಿನ ಹಿಂದೆ ಈಗ ಒಂದು ಮೀನಿನ ಅಂಗಡಿ ಇದೆ. ಭಾನುವಾರ ಅಲ್ಲಿಗೆ ಕರಾವಳಿಯಿಂದ ಮೀನು ಬರುತ್ತದೆ. ನಾನು ಆ ಕಡೆ ಹೋಗುವವಳಲ್ಲ. ಹೋದ ಭಾನುವಾರ ಔಷಧಿ ಅಂಗಡಿಯ ತನಕ ನಡೆದು, ಅದರ ಮೆಟ್ಟಿಲು ಹತ್ತಿದ ಮೇಲೆ, ಇನ್ನು ನಮ್ಮ ಮನೆಗೆ ತರಬೇಕಾದ ಔಷಧಿ ಯಾವುದೂ ಇಲ್ಲ ಎನ್ನುವುದು ನೆನಪಾಯಿತು. ಹಾಗೇ ಇಳಿದು, ಬಿಸಿಲು ತಪ್ಪಿಸಿಕೊಳ್ಳಲು ಹಿಂದಿನ ಓಣಿ ಹಿಡಿದೆ. ಆಗ ಆ ವಾಸನೆ ಬಂತು.

ಮೀನಿನ ವಾಸನೆಯಾದರೆ ಸೆರಗು ಮೂಗಿಗೆ ಹಿಡಿದು ದಾಟಿ ಹೋಗುತ್ತಿದ್ದೆ. ಇದು ಉಪ್ಪು, ಕೆಸರು, ಒದ್ದೆ ಗೋಣಿ ಮೂರೂ ಸೇರಿದ ವಾಸನೆ. ನಿಂತು ನೋಡಿದರೆ ಒಂದು ಪ್ಲಾಸ್ಟಿಕ್ ಟ್ರೇ ತುಂಬ ಬಳಚು ಎನ್ನುವ ಚಿಪ್ಪುಮೀನು. ಹುಣಸೆಬೀಜದ ಬಣ್ಣದ, ಗೆರೆಗೆರೆಯ ಚಿಪ್ಪುಗಳು. ಎಲ್ಲವೂ ಬಾಯಿ ಮುಚ್ಚಿಕೊಂಡಿದ್ದವು.

"ಬಳಚು, ಅಕ್ಕ. ನಮ್ಮ ಕಡೇದು. ಇಲ್ಲಿಯವರಿಗೆ ಗೊತ್ತಾಗೂದಿಲ್ಲ," ಎಂದ ಅಂಗಡಿಯವನು.

"ಗೊತ್ತಿದೆ," ಎಂದೆ. "ಯಾವ ನೀರಿಂದು?"

ಅವನು ನನ್ನನ್ನು ಒಂದು ಸಲ ನೋಡಿದ. "ಯಾವ ನೀರು ಅಂದ್ರೆ?"

ಒಂದಿಷ್ಟು ಕಟ್ಟಿಸಿಕೊಂಡು ಮನೆಗೆ ಬಂದೆ.

ನಮ್ಮ ಮನೆಯವರ ಹೆಸರು ಮುನಿರಾಜು. ಇಷ್ಟು ವರ್ಷ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಅವರು ಹೋಗಿ ವರ್ಷ ತುಂಬುತ್ತಾ ಬಂತು. "ಅಪ್ಪನ ಬಗ್ಗೆ ಎಲ್ಲಾನೂ ಬರೀಮ್ಮ, ವರ್ಷದ ಕಾರ್ಯದ ದಿನ ಮಕ್ಕಳಿಗೆ ಓದಿ ಹೇಳೋಣ," ಎಂದು ಮಗಳು ಹೇಳಿದ್ದಳು. ಎಲ್ಲಾ ಬರೆಯಲು ಕೂತೆ. ಹುಟ್ಟಿದ್ದು, ಓದಿದ್ದು, ಮದುವೆ, ಮನೆ ಕಟ್ಟಿಸಿದ್ದು, ಕಾಯಿಲೆ, ಆಸ್ಪತ್ರೆ. ಬರೆದದ್ದನ್ನು ಓದಿ ನೋಡಿದರೆ ಅದು ಯಾವ ಮನೆಯ ಯಜಮಾನರದ್ದಾದರೂ ಆಗಬಹುದಿತ್ತು. ಹಾಳೆಗಳು ತುಂಬಿದ್ದವು, ಅವರು ಎಲ್ಲೂ ಇರಲಿಲ್ಲ. ಆ ಹಾಳೆಗಳನ್ನು ಎತ್ತಿಟ್ಟು ಈಗ ಬಳಚಿನ ವರ್ಷವೊಂದನ್ನೇ ಬರೆಯುತ್ತಿದ್ದೇನೆ.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಎಲೆಕ್ಟ್ರಾನಿಕ್ ಸಿಟಿ ಎನ್ನುವ ಬೋರ್ಡು ಇತ್ತು, ಸಿಟಿ ಇನ್ನೂ ಇರಲಿಲ್ಲ. ನೀಲಗಿರಿ ತೋಪು, ರಾಗಿ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಶೀಟು ಹೊದಿಸಿದ ಶೆಡ್ಡು. ಹೊಸೂರು ರಸ್ತೆಯಲ್ಲಿ ಬಸ್ಸು ಬಂದರೆ ದೂರದಿಂದಲೇ ಧೂಳು ಕಾಣುತ್ತಿತ್ತು. ಹೆಬ್ಬಗೋಡಿಯಿಂದ ನಾವಿಬ್ಬರೂ ಕೆರೆ ಏರಿಯ ಮೇಲೆ ನಡೆದೇ ಕೆಲಸಕ್ಕೆ ಹೋಗುತ್ತಿದ್ದೆವು. ಊರಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಆಫೀಸಿಗೆ ಹೋಗುವುದು ಅದೇ ಮೊದಲಾದ್ದರಿಂದ, ಏರಿಯ ಕೆಳಗೆ ಎಮ್ಮೆ ತೊಳೆಯುವವರು ಕೈ ನಿಲ್ಲಿಸಿ ನೋಡುತ್ತಿದ್ದರು.

ನಮ್ಮ ಆಫೀಸಿನ ಯಜಮಾನರು ದಿವಾಕರ್ ಸಾರ್. ನೀರು ಅಳೆಯುವ ಉಪಕರಣ ಮಾಡಿ ಮಾರುವುದು ಅವರ ಮುಖ್ಯ ಕೆಲಸ. ಜೊತೆಗೆ ಒಂದು ಕೋಣೆಯಲ್ಲಿ ನೀರಿನ ಲೆಕ್ಕ ಹಾಕುವ ಕೆಲಸವೂ ನಡೆಯುತ್ತಿತ್ತು. ಅದು ನಮ್ಮವರ ಕೋಣೆ. ಒಂದು ಕೆರೆಗೆ ಮಳೆ ಎಷ್ಟು ಬಂತು, ತೂಬು ಎಷ್ಟು ಹೊತ್ತು ತೆಗೆದರು, ಯುಗಾದಿಯ ಹೊತ್ತಿಗೆ ಕೆರೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಕಾಗದದ ಮೇಲೆ ಮೊದಲೇ ಹೇಳುವುದು. ಅದಕ್ಕೆ ಮಾಡೆಲ್ ಅನ್ನುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಆನೇಕಲ್ಲಿನಲ್ಲಿ ಟೈಪಿಂಗ್ ಕಲಿತವಳು. ಅವರು ಬರೆದುಕೊಟ್ಟ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಕಂಪ್ಯೂಟರೂ ನಮ್ಮದಲ್ಲ, ಪಕ್ಕದ ಶೆಡ್ಡಿನವರದು. ಅವರು ಊಟಕ್ಕೆ ಎದ್ದಾಗ ನಮಗೆ ಬಿಡುತ್ತಿದ್ದರು. ಹಾಗಾಗಿ ನಾವು ಊಟ ಮಾಡುತ್ತಿದ್ದದ್ದು ಊರೆಲ್ಲ ಉಂಡ ಮೇಲೆ.

ಆ ವರ್ಷ ಮಾವಿನ ಕಾಯಿ ಇನ್ನೂ ಎಳೆಯದಾಗಿರುವಾಗ ಒಬ್ಬ ಹೆಂಗಸು ಆಫೀಸಿಗೆ ಬಂದಳು. ಹೆಗಲಿಗೆ ಗೋಣಿಚೀಲ, ಅದರೊಳಗೆ ಬಾಟಲಿಗಳ ಸದ್ದು. ಹೆಸರು ನಾಗವೇಣಿ. ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆಯ ಊರು. ಅಲ್ಲಿ ಬಳಚು ತೆಗೆಯುವ ಹೆಂಗಸರೆಲ್ಲ ಒಂದು ಸಂಘ ಮಾಡಿಕೊಂಡು, ಇವಳನ್ನು ಮುಂದೆ ಮಾಡಿ ಕಳಿಸಿದ್ದರು.

ವಿಷಯ ಇಷ್ಟು. ಅವರ ಊರಿನೊಳಕ್ಕೆ ಹೊಳೆಯ ಒಂದು ಕವಲು ಬರುತ್ತದೆ. ಸಮುದ್ರ ಉಬ್ಬಿದಾಗ ಉಪ್ಪುನೀರು ಒಳಗೆ ಬಂದು, ಇಳಿದಾಗ ಹೊರಗೆ ಹೋಗುತ್ತದೆ. ಎರಡು ಕಡೆ ಭತ್ತದ ಗದ್ದೆ, ನಡುವೆ ತಳದ ಕೆಸರಿನಲ್ಲಿ ಬಳಚು. ಗದ್ದೆಗೆ ಉಪ್ಪು ನುಗ್ಗದಂತೆ ಆ ಕವಲಿನ ಬಾಯಿಗೆ ಹೊಸದಾಗಿ ಕಟ್ಟೆ ಕಟ್ಟಿ, ಹಲಗೆಯ ಬಾಗಿಲು ಇಟ್ಟಿದ್ದರು. ಆ ಮಳೆಗಾಲದಿಂದ ಹಲಗೆ ಇಳಿಸಿ, ಭತ್ತ ಕೊಯ್ಯುವ ತನಕ ಮುಚ್ಚಿಯೇ ಇಡಬೇಕು ಎನ್ನುವುದು ಯೋಚನೆ. ಒಳಗಿನ ಮಳೆನೀರು ಹಲಗೆಯ ಮೇಲೆ ಹಾಯ್ದು ಹೊರಗೆ ಹೋಗಬಹುದು, ಸಮುದ್ರದ ನೀರು ಒಳಗೆ ಬರುವ ಹಾಗಿಲ್ಲ.

"ಗದ್ದೆಯವ್ರೂ ನಮ್ಮವ್ರೇ," ಎಂದಳು ನಾಗವೇಣಿ. "ನನ್ನ ಅಣ್ಣನ ಗದ್ದೆಯೇ ಅಲ್ಲಿದ್ದು. ಅವ್ರ ಭತ್ತ ಸಾಯೂದು ಬೇಡ. ಆದ್ರೆ ಬಾಗ್ಲು ಹಾಕಿದ್ರೆ ನಮ್ಮ ಬಳಚು ಉಳೀತದಾ ಇಲ್ಲಾ? ಅದೊಂದು ಹೇಳಿ ಸಾಕು. ಕೇಳಿದ್ರೆ ಎಲ್ರೂ ನೋಡುವಾ ಅಂತ್ರು. ಸತ್ತ ಮೇಲೆ ನೋಡೂದು ಎಂತ?"

ಬಳಚು ಒಂದು ಸಲ ಪೂರ್ತಿ ಸತ್ತರೆ ಬಿತ್ತಿ ಬೆಳೆಯುವಂಥದ್ದಲ್ಲ. ಆ ಊರಿನ ನೂರಾರು ಹೆಂಗಸರ ಬದುಕು ಅದು. ಮಳೆ ಶುರುವಾಗಿ ಹಲಗೆ ಇಳಿಸುವ ಮೊದಲು ಕಟ್ಟೆ ಕಟ್ಟಿದವರು ನಗರದಲ್ಲಿ ಒಂದು ಸಭೆ ಕರೆದಿದ್ದರು. ಅಲ್ಲಿ ನಮ್ಮವರು ಉತ್ತರ ಹೇಳಬೇಕಿತ್ತು.

"ತೂಬು ಅಂದ್ರೆ ತೂಬು ತಾನೆ, ಮುನಿರಾಜು? ನಿಮಗೆ ನೀರು ಕುಡಿದ ಹಾಗೆ," ಎಂದು ದಿವಾಕರ್ ಸಾರ್ ಕೆಲಸ ಒಪ್ಪಿಕೊಂಡರು.

ನಮ್ಮವರು ಗೋಡೆಯ ಕರಿಹಲಗೆಯ ಮೇಲೆ ಮೂರು ಪೆಟ್ಟಿಗೆ ಬರೆದರು. ಒಂದು ನೀರು, ಒಂದು ಉಪ್ಪು, ಒಂದು ಬಳಚು. ನೀರು ಹೆಚ್ಚಾದರೆ ಉಪ್ಪು ಸಪ್ಪೆಯಾಗುತ್ತದೆ, ಉಪ್ಪು ಸಪ್ಪೆಯಾದರೆ ಬಳಚು ಬಾಯಿ ಮುಚ್ಚಿಕೊಳ್ಳುತ್ತದೆ, ಬಹಳ ದಿನ ಮುಚ್ಚಿಕೊಂಡರೆ ಸಾಯುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಾಣದ ಗುರುತು. ಪ್ರತಿ ಬಾಣಕ್ಕೂ ಒಂದು ಅಂಕಿ. ನನಗೇ ಅರ್ಥವಾಗುವಷ್ಟು ಚಿಕ್ಕದಾಗಿತ್ತು.

ನಾಗವೇಣಿಯ ಊರಿನಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಎರಡು ಬಾಟಲಿ ನೀರು ಬರುತ್ತಿತ್ತು. ಒಂದರ ಕುತ್ತಿಗೆಗೆ ಬಿಳಿ ದಾರ, ಅದು ಮೇಲಿನ ನೀರು. ಇನ್ನೊಂದಕ್ಕೆ ಕೆಂಪು ದಾರ, ಅದು ಕಲ್ಲು ಕಟ್ಟಿ ತಳಕ್ಕೆ ಇಳಿಸಿ ತುಂಬಿದ್ದು. ಎರಡನ್ನೂ ಒಂದು ಗಾಜಿನ ಜಾಡಿಗೆ ಸುರಿದು, ಅದರಲ್ಲಿ ಉಪ್ಪಿನ ಅಳತೆಯ ಬುರುಡೆ ತೇಲಿಬಿಡುವುದು. ಡೇರಿಯಲ್ಲಿ ಹಾಲಿಗೆ ಬಿಡುತ್ತಾರಲ್ಲ, ಅಂಥದ್ದೇ. ಉಪ್ಪು ಹೆಚ್ಚಿದ್ದರೆ ಬುರುಡೆ ಮೇಲೆ ನಿಲ್ಲುತ್ತದೆ, ಕಡಿಮೆಯಾದರೆ ಮುಳುಗುತ್ತದೆ. ಮೊದಲ ವಾರ ಎರಡನ್ನೂ ಬೇರೆ ಬೇರೆ ನೋಡಿದ್ದೆವು. ಬುರುಡೆ ಎರಡರಲ್ಲೂ ಒಂದೇ ಎತ್ತರದಲ್ಲಿ ನಿಂತಿತು. "ಎಲ್ಲಾ ಒಂದೇ ನೀರಲ್ವಾ ಜಯಾ, ಬೆರೆಸ್ಬಿಡು," ಎಂದಿದ್ದರು. ಅಲ್ಲಿಂದ ಬೆರೆಸುವುದೇ ಪದ್ಧತಿಯಾಯಿತು.

ಮಾಡೆಲ್ಲಿಗೆ ಮೊದಲು ಬಾಗಿಲೇ ಇಲ್ಲದ ಹಳೆಯ ಕಾಲದ ಒಂದು ಮಳೆಗಾಲವನ್ನು ಕೊಟ್ಟು ನೋಡಿದರು. ಆಷಾಢ ಮುಗಿಯುವಷ್ಟರಲ್ಲಿ ಬಳಚೆಲ್ಲ ಸತ್ತುಹೋಯಿತು. ಅಂಕಿ ತಪ್ಪು ಹಾಕಿದೆನೇನೋ ಎಂದು ನಾನು ಮತ್ತೆ ಹಾಕಿದೆ. ಮತ್ತೆ ಸತ್ತಿತು.

ಆ ವಾರ ನಾಗವೇಣಿ ತಾನೇ ಬಾಟಲಿ ಹಿಡಿದು ಬಂದಿದ್ದಳು. ಅವಳಿಗೆ ಹೇಳಿದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯೋ ಮಾರಾಯ್ರೆ, ವರ್ಷವೂ ಆಷಾಢ ಬತ್ತದೆ. ಹಾಗಾದ್ರೆ ನಮ್ಮ ಅಜ್ಜಿ ಕಾಲದಿಂದ ನಾವು ಮಾರಿದ್ದು ಬಳಚಿನ ಭೂತವಾ?"

ನಮ್ಮವರೂ ನಕ್ಕರು. ಆದರೆ ಸಂಜೆ ಏರಿಯ ಮೇಲೆ ನಡೆಯುವಾಗ ಬೆರಳಲ್ಲಿ ಲೆಕ್ಕ ಹಾಕುತ್ತಲೇ ಇದ್ದರು.

ದಿವಾಕರ್ ಸಾರ್ ಕರಿಹಲಗೆಯ ಮುಂದೆ ನಿಂತು, "ಮೂರು ಪೆಟ್ಟಿಗೆಲಿ ಸಮುದ್ರ ಹಿಡಿಯೋಕಾಗುತ್ತೇನ್ರೀ? ಸಾಲದು. ಎಲ್ಲಾ ತುಂಬಿ. ಅಲ್ಲಿ ಏನೇನಿದೆಯೋ ಎಲ್ಲಾ ಬರಲಿ," ಎಂದರು. ಮಾತು ತಪ್ಪೆನಿಸಲಿಲ್ಲ. ಚಿಕ್ಕದು ಸೋತಿದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಕರಿಹಲಗೆ ತುಂಬತೊಡಗಿತು. ಪಾಚಿ ಬಂತು, ಕೊಳೆತ ಎಲೆ ಬಂತು, ಸಿಗಡಿ, ಏಡಿ, ಸಣ್ಣ ಮೀನು, ದೊಡ್ಡ ಮೀನು, ಕೊಕ್ಕರೆ. ಯಾರನ್ನು ಯಾರು ತಿನ್ನುತ್ತಾರೆ ಎನ್ನುವ ಬಾಣಗಳು ಒಂದರ ಮೇಲೊಂದು ಹಾಯ್ದು, ಕರಿಹಲಗೆ ನಮ್ಮತ್ತೆ ಸಿಕ್ಕು ಬಿಡಿಸಲಾರದೆ ಬಿಸಾಡಿದ ದಾರದ ಉಂಡೆಯ ಹಾಗಾಯಿತು. ಅಷ್ಟೂ ಬಾಣಗಳಿಗೆ ಅಂಕಿ ಬೇಕಲ್ಲ. ಕೆಲವು ಪುಸ್ತಕದಲ್ಲಿ ಸಿಕ್ಕವು, ಯಾವುದೋ ದೇಶದ ತಣ್ಣನೆಯ ಸಮುದ್ರದವು. ಸಿಗದಿದ್ದಕ್ಕೆ ಅಂದಾಜು.

ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಪಕ್ಕದ ಶೆಡ್ಡಿನವರು ಕೈ ತೊಳೆದುಕೊಂಡು ಬರುವ ತನಕ ನಾನು ಅಂಕಿ ಹಾಕುತ್ತಲೇ ಇರುತ್ತಿದ್ದೆ. ಕರೆಂಟು ಹೋದರೆ ಮೊದಲಿನಿಂದ. ಕೊನೆಗೆ ದೊಡ್ಡ ಮಾಡೆಲ್ ಓಡಿತು. ಪ್ರಿಂಟರಿನಿಂದ ಕಾಗದ ಮಡಿಕೆ ಮಡಿಕೆಯಾಗಿ ನೆಲಕ್ಕೆ ಬಿತ್ತು. ಹಳೆಯ ಮಳೆಗಾಲದಲ್ಲಿ ಬಳಚು ಬದುಕಿತ್ತು. ಬಾಗಿಲು ಪೂರ್ತಿ ಮುಚ್ಚಿದರೂ ಬದುಕಿತ್ತು.

ದಿವಾಕರ್ ಸಾರ್ ಸಿಹಿ ತರಿಸಿದರು. ಎಲ್ಲರಿಗೂ ಹಿತವಾದ ಉತ್ತರ ಅದು. ಕಟ್ಟೆ ಕಟ್ಟಿದವರಿಗೆ ಹಿತ, ಗದ್ದೆಯವರಿಗೆ ಹಿತ, ನಾಗವೇಣಿಗೂ ಹಿತ. ಕಾಗದದ ಕಟ್ಟು ನೋಡಿದರೆ ಗೌರವ ಬರುವಷ್ಟು ದಪ್ಪವಿತ್ತು.

ನಮ್ಮವರು ಸಿಹಿ ಕೈಯಲ್ಲಿ ಹಿಡಿದೇ ಇದ್ದರು. "ಜಯಾ, ಕೊಕ್ಕರೆ ಹಸಿವಿಗೆ ಎಷ್ಟು ಹಾಕಿದ್ವಿ?" ಎಂದರು. ಹೇಳಿದೆ. "ಅದರ ಒಂದೂವರೆಯಷ್ಟು ಹಾಕು."

ಹಾಕಿದೆ. ಬಳಚೆಲ್ಲ ಸತ್ತಿತು.

"ಈಗ ಕೊಕ್ಕರೆ ಹಾಗೇ ಇರಲಿ, ಪಾಚಿ ಸ್ವಲ್ಪ ಜಾಸ್ತಿ ಬೆಳೀಲಿ."

ಬಳಚು ಬದುಕಿತು.

"ನೋಡಿದ್ಯಾ?" ಎಂದರು. "ಕೊಕ್ಕರೆ ಎಷ್ಟು ತಿನ್ನುತ್ತೆ ಅಂತ ನಮಗೆ ಗೊತ್ತಿಲ್ಲ. ಪಾಚಿ ಎಷ್ಟು ಬೆಳೆಯುತ್ತೆ ಅಂತ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ಇಷ್ಟಿದ್ರೆ, ಇದು ನಾವು ಏನು ಹೇಳಿಸಿದ್ರೂ ಹೇಳುತ್ತೆ. ಆ ಹೆಂಗಸು ಕೇಳಿದ್ದಕ್ಕೆ ಇದು ಉತ್ತರ ಅಲ್ಲ."

ಅದನ್ನೇ ದಿವಾಕರ್ ಸಾರಿಗೂ ಹೇಳಿದರು. ಅವರು ಸಿಟ್ಟಾಗಲಿಲ್ಲ, ಆದರೆ ಮುಖ ಸಣ್ಣದಾಯಿತು. "ಚಿಕ್ಕದೂ ಬೇಡ, ದೊಡ್ಡದೂ ಬೇಡ ಅಂದ್ರೆ ಸಭೆಗೆ ಏನು ತಗೊಂಡು ಹೋಗ್ತೀರಾ? ಕೈ ಬೀಸ್ಕೊಂಡು ಹೋಗ್ತೀರಾ?"

"ಸರಿಯಾಗಿ ಎಷ್ಟು ಬೇಕೋ ಅಷ್ಟು ತಗೊಂಡು ಹೋಗ್ತೀನಿ ಸಾರ್."

"ಅದು ಎಷ್ಟು?"

"ಇನ್ನೂ ಗೊತ್ತಿಲ್ಲ. ಗೊತ್ತಾಗುತ್ತೆ."

ಅವರು ಹಾಗೆ ಹೇಳಿದಾಗ ನನಗೆ ಹೆದರಿಕೆಯಾಗಲಿಲ್ಲ. ಅವರದು ಜಂಬದ ದನಿಯಲ್ಲ. ಕಳೆದ ಎಮ್ಮೆ ಯಾವ ಹೊಲದಲ್ಲಿದೆ ಎಂದು ಗೊತ್ತಿಲ್ಲದಿದ್ದರೂ, ಊರು ಬಿಟ್ಟು ಹೋಗಿಲ್ಲ ಎಂದು ಗೊತ್ತಿದ್ದವನ ದನಿ.

ಮರುದಿನದಿಂದ ಪೆಟ್ಟಿಗೆ ತೆಗೆಯುವ ಕೆಲಸ. ಒಂದನ್ನು ಒರೆಸುವುದು, ಓಡಿಸುವುದು. ಬಾಗಿಲಿನ ಪ್ರಶ್ನೆಗೆ ಉತ್ತರ ಬದಲಾಗದಿದ್ದರೆ ಅದು ಹೊರಗೆ. ಬದಲಾದರೆ, ಅದರ ಅಂಕಿ ನಮಗೆ ನಿಜವಾಗಿ ಗೊತ್ತೇ ಎಂದು ಕೇಳುವುದು, ಗೊತ್ತಿಲ್ಲದಿದ್ದರೆ ಅದೂ ಹೊರಗೆ. ಸಣ್ಣ ಮೀನು, ದೊಡ್ಡ ಮೀನು ಮೊದಲು ಹೋದವು. ಏಡಿ ಹೋಯಿತು. ಕೊಕ್ಕರೆಯ ಲೆಕ್ಕವನ್ನು ನಾಗವೇಣಿಯೇ ಮುಗಿಸಿದಳು. ಕಾಗದ ಬರೆದು ಕೇಳಿದ್ದಕ್ಕೆ, ಬಳಚಿರುವ ಆಳಕ್ಕೆ ಮಳೆಗಾಲದಲ್ಲಿ ಕೊಕ್ಕರೆಯ ಕೊಕ್ಕು ಮುಟ್ಟುವುದೇ ಇಲ್ಲ ಎಂದು ಬರೆಸಿದ್ದಳು.

ಮನೆಯಲ್ಲಿ ನಮ್ಮತ್ತೆಗೆ ಇದೆಲ್ಲ ತಮಾಷೆ. ಮುದ್ದೆ ಕಟ್ಟುತ್ತಾ ಕೇಳುತ್ತಿದ್ದರು.

"ಏನ್ಲಾ ಮುನಿ, ಇವತ್ತು ಯಾರ್ನ ಆಚೆಗಾಕ್ದೆ?"

"ಸಿಗಡಿನಮ್ಮ."

"ಪಾಪ. ಓದ್ ವಾರ ಕರ್ಕೊಂಬಂದೆ, ಈ ವಾರ ಕಳಿಸ್ಬುಟ್ಟೆ. ಇಂಗೆ ನೆಂಟ್ರನ್ ನಡೆಸ್ಕಂಡ್ರೆ ನಾಳೆ ಯಾರ್ಲಾ ಬತ್ತಾರೆ ನಿನ್ ಅಟ್ಟಿಗೆ?"

ಆದರೆ ತೆಗೆಯುತ್ತಾ ತೆಗೆಯುತ್ತಾ ಕೊನೆಗೆ ಉಳಿದದ್ದು ಮೊದಲಿನ ಅದೇ ಮೂರು ಪೆಟ್ಟಿಗೆ. ನೀರು, ಉಪ್ಪು, ಬಳಚು. ಆಷಾಢ ಬಂದ ಕೂಡಲೇ ಬಳಚು ಸಾಯುತ್ತಿತ್ತು. ಸಭೆ ಹತ್ತಿರ ಬಂದಿತ್ತು. ಕರಾವಳಿಯಲ್ಲಿ ಮೊದಲ ಮಳೆ ಜೋರಾಗಿ ಬಿದ್ದ ಸುದ್ದಿ ರೇಡಿಯೋದಲ್ಲಿ ಬಂತು. ಆ ವಾರದ ಬಾಟಲಿಗಳೂ ಬಂದವು.

ನಾನು ಎಂದಿನಂತೆ ಎರಡರ ಮುಚ್ಚಳವನ್ನೂ ತೆಗೆದು ಜಾಡಿಯ ಮೇಲೆ ಹಿಡಿದೆ. ಅವರು ಕುರ್ಚಿಯಲ್ಲಿ ಕೂತು ಕರಿಹಲಗೆಯನ್ನೇ ನೋಡುತ್ತಿದ್ದರು. ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಅವರ ಅಭ್ಯಾಸ. "ತಿನ್ನೋರನ್ನೆಲ್ಲ ಸೇರಿಸಿ ನೋಡಾಯ್ತು. ಬಳಚು ಬದುಕಿರೋದು ನಿಜ. ಹಾಗಿದ್ರೆ ಅದಕ್ಕೆ ಉಪ್ಪು ಸಿಗ್ತಿದೆ. ಎಲ್ಲಿಂದ?" ಎಂದವರು ಥಟ್ಟನೆ ನನ್ನ ಕಡೆ ತಿರುಗಿದರು.

"ತಡಿ ಜಯಾ. ಸುರೀಬೇಡ."

"ಯಾಕ್ರೀ?"

"ಬೇರೆ ಬೇರೆ ನೋಡು."

ಬಿಳಿ ದಾರದ ನೀರನ್ನು ಜಾಡಿಗೆ ಹಾಕಿ ಬುರುಡೆ ಬಿಟ್ಟೆ. ಅದು ನಮ್ಮ ಬಾವಿಯ ನೀರಿನಲ್ಲಿ ಮುಳುಗಿದ ಹಾಗೆ ಕೆಳಗೆ ಇಳಿಯಿತು. ಜಾಡಿ ತೊಳೆದು ಕೆಂಪು ದಾರದ ನೀರು ಹಾಕಿದೆ. ಬುರುಡೆ ಎದ್ದು ನಿಂತಿತು. ಬೇಸಿಗೆಯಲ್ಲಿ ನಿಂತಿದ್ದ ಎತ್ತರಕ್ಕೆ ಹೆಚ್ಚುಕಮ್ಮಿ ಸಮ.

ಇಬ್ಬರೂ ಜಾಡಿಯ ಮೇಲೆ ಬಗ್ಗಿದೆವು. ಆಮೇಲೆ ಅವರು ತಮ್ಮ ಹಣೆಗೆ ತಾವೇ ಮೆಲ್ಲಗೆ ಹೊಡೆದುಕೊಂಡರು.

"ಕೆರೆ ಊರಲ್ಲಿ ಹುಟ್ಟಿದ್ದಕ್ಕೆ ಹೀಗಾಯ್ತು ನೋಡು."

ನಮ್ಮ ಕೆರೆಯಲ್ಲಿ ಎಮ್ಮೆಗಳು ಇಳಿದು ತಳದ ಕೆಸರನ್ನು ಮೇಲಕ್ಕೆ ತರುತ್ತವೆ. ಎಲ್ಲಿ ಬಿಂದಿಗೆ ಅದ್ದಿದರೂ ಅದೇ ನೀರು. ಹುಟ್ಟಿದಾಗಿನಿಂದ ನಾವಿಬ್ಬರೂ ನೋಡಿದ್ದು ಅದನ್ನೇ. ನೀರಿನ ಮೇಲೆ ನೀರು ಬೆರೆಯದೆ ಮಲಗುತ್ತದೆ ಎನ್ನುವುದನ್ನು ಅವರು ಪುಸ್ತಕದಲ್ಲಿ ಓದಿದ್ದರಂತೆ, ಆದರೆ ಓದಿದ್ದು ಬೇರೆ ಕಡೆ ಇತ್ತು, ಕೈ ಬೇರೆ ಕಡೆ ಇತ್ತು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಹಗುರ, ಮೇಲೆ ಹರಿದು ಹೋಗುತ್ತದೆ. ಸಮುದ್ರದ ಉಪ್ಪುನೀರು ಭಾರ, ಅದರ ಅಡಿಯಲ್ಲಿ ತೆವಳಿಕೊಂಡು ಒಳಗೆ ಬರುತ್ತದೆ. ಬಳಚು ಇರುವುದು ಅಡಿಯಲ್ಲಿ. ಆಷಾಢದಲ್ಲೂ ಅದು ಕುಡಿಯುವುದು ತಳದ ನೀರನ್ನು. ಬೇಸಿಗೆಯಲ್ಲಿ ಹೊಳೆ ಬತ್ತಿ ಎಲ್ಲ ಕಡೆ ಒಂದೇ ಉಪ್ಪು ಇದ್ದುದರಿಂದ ನಮ್ಮ ಬೆರಕೆ ಗೊತ್ತಾಗಿರಲಿಲ್ಲ.

ಅವರು ಎದ್ದು ಹೋಗಿ, ಕರಿಹಲಗೆಯಲ್ಲಿ ನೀರು ಎಂದು ಬರೆದಿದ್ದ ಪೆಟ್ಟಿಗೆಯ ನಡುವೆ ಒಂದು ಅಡ್ಡಗೆರೆ ಎಳೆದರು. ಮೇಲಿನ ನೀರು, ತಳದ ನೀರು. ಇಷ್ಟು ದಿನದ ಕೆಲಸದಲ್ಲಿ ಸೇರಿಸಬೇಕಾಗಿದ್ದದ್ದು ಆ ಒಂದು ಗೆರೆ. ಅದರ ಅಂಕಿಗಳು ಅಂದಾಜಿನವಲ್ಲ. ಬಾಟಲಿಯಲ್ಲೇ ಬರುತ್ತಿದ್ದವು.

ಅಂದು ಮಧ್ಯಾಹ್ನ ಓಡಿಸಿದಾಗ, ಬಾಗಿಲಿಲ್ಲದ ಮಳೆಗಾಲದಲ್ಲಿ ಬಳಚು ಬದುಕಿತು. ಬಾಗಿಲು ಪೂರ್ತಿ ಮುಚ್ಚಿದಾಗ ತಳದ ಉಪ್ಪು ಸ್ವಲ್ಪ ಸ್ವಲ್ಪವೇ ತೊಳೆದುಹೋಗಿ, ಶ್ರಾವಣದ ಹೊತ್ತಿಗೆ ಎಲ್ಲ ಸತ್ತಿತು. ಕೊನೆಗೆ ಅವರು ಇನ್ನೊಂದು ಪ್ರಶ್ನೆ ಹಾಕಿಸಿದರು. ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರ ಜೋರಾಗಿ ಉಬ್ಬುವ ದಿನಗಳಲ್ಲಿ ಅಡಿಯ ಹಲಗೆಯೊಂದನ್ನು ಮಾತ್ರ ಎತ್ತಿದರೆ? ಉಪ್ಪು ಅಡಿಯಲ್ಲೇ ಬಂತು, ಅಡಿಯಲ್ಲೇ ಉಳಿಯಿತು. ಮೇಲಿನ ನೀರು ಗದ್ದೆಗೆ ಆಗುವಷ್ಟು ಸಪ್ಪೆಯಾಗಿಯೇ ಇತ್ತು. ಬಳಚು ಬದುಕಿತು. ಮೂರು ಪೆಟ್ಟಿಗೆಯ ಮಾಡೆಲ್ಲಿಗೆ ಈ ಮಾತು ಹೇಳಲು ಬಾಯಿರಲಿಲ್ಲ. ದೊಡ್ಡದಕ್ಕೆ ಬಾಯಿ ವಿಪರೀತ ಇತ್ತು.

ಸಭೆಯ ಹಿಂದಿನ ದಿನ ದಿವಾಕರ್ ಸಾರ್ ಒಂದೇ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟೇನಾ?"

"ಕೇಳಿರೋದು ಒಂದೇ ಪ್ರಶ್ನೆ ಸಾರ್."

"ಕೊಕ್ಕರೆ ಎಲ್ರೀ ಅಂತ ಯಾರಾದ್ರೂ ಎದ್ದು ನಿಂತ್ರೆ?"

"ಮಳೆಗಾಲದಲ್ಲಿ ಕೊಕ್ಕರೆ ಕೊಕ್ಕು ಬಳಚಿಗೆ ಮುಟ್ಟೋದೇ ಇಲ್ಲ, ತೆಗೆದ್ರೆ ಈ ಪ್ರಶ್ನೆಗೆ ಉತ್ತರ ಬದಲಾಗಲ್ಲ ಅಂತೀನಿ. ತಳದ ನೀರನ್ನ ತೆಗೆದ್ರೆ ಉತ್ತರಾನೇ ತಿರುಗಿಬೀಳುತ್ತೆ. ಅದಕ್ಕೇ ಅದು ಒಳಗೆ, ಇದು ಹೊರಗೆ."

"ನಾಳೆ ಕೊಕ್ಕರೆ ಬಗ್ಗೇನೇ ಯಾರಾದ್ರೂ ಕೇಳ್ಕೊಂಡು ಬಂದ್ರೆ?"

"ಆಗ ಕೊಕ್ಕರೆನ ಒಳಗೆ ಕರೀತೀನಿ, ಸಾರ್. ಬಳಚನ್ನ ಬೇಕಾದ್ರೆ ಹೊರಗೆ ಕೂರಿಸ್ತೀನಿ."

ದಿವಾಕರ್ ಸಾರ್ ದಪ್ಪ ಕಟ್ಟನ್ನು ತಾವೇ ಎತ್ತಿ ಬೀರುವಿನ ಮೇಲಿಟ್ಟರು. "ಸರಿ. ನಾನೂ ಬರ್ತೀನಿ. ಬೈಸ್ಕೊಳ್ಳೋದಾದ್ರೆ ಇಬ್ರೂ ಒಟ್ಟಿಗೆ ಬೈಸ್ಕೊಳ್ಳೋಣ," ಎಂದರು.

ಸಭೆಗೆ ನಮ್ಮವರು ಉಪ್ಪು, ಕೆಂಪು ಇಂಕು, ಒಂದು ಉದ್ದನೆಯ ಗಾಜಿನ ಜಾಡಿ ತೆಗೆದುಕೊಂಡು ಹೋಗಿದ್ದರು. ಕೆಂಪು ಉಪ್ಪುನೀರನ್ನು ಜಾಡಿಗೆ ಹಾಕಿ, ಅದರ ಮೇಲೆ ಕುಡಿಯುವ ನೀರನ್ನು ಚಮಚದ ಹಿಂಬದಿಯಿಂದ ಮೆಲ್ಲಗೆ ಇಳಿಸಿದರಂತೆ. ಗೆರೆ ಎಳೆದ ಹಾಗೆ ಎರಡೂ ಬೇರೆ ನಿಂತವು. ಮಾತು ಮುಗಿಯುವ ತನಕ ಜಾಡಿ ಮೇಜಿನ ನಡುವೆ ಹಾಗೇ ನಿಂತಿತ್ತಂತೆ. ನಾಗವೇಣಿಯ ಅಣ್ಣನೇ ಗದ್ದೆಯವರ ಪರವಾಗಿ ಬಂದಿದ್ದ. "ಒಂದು ಮಳೆಗಾಲ ನೋಡುವಾ. ಗದ್ದೆಗೆ ಉಪ್ಪು ಹತ್ತಿದ್ರೆ ಹಲಗೆ ನಾನೇ ಇಳಿಸ್ತೆ, ತಂಗಿ ಅಂತ ನೋಡೂದಿಲ್ಲ," ಎಂದನಂತೆ. "ಇಳ್ಸು. ಬಳಚು ಸತ್ರೆ ನಿನ್ನ ಮನೆ ಬಾಗ್ಲಲ್ಲೇ ಚಿಪ್ಪು ಸುರೀತೆ," ಎಂದು ಇವಳು. ಹಾಗೆ ಒಂದು ಮಳೆಗಾಲದ ಮಟ್ಟಿಗೆ ಒಪ್ಪಿಗೆಯಾಯಿತು.

ಆ ಮಳೆಗಾಲವನ್ನು ನಾವು ಎರಡು ಕಡೆ ಬದುಕಿದೆವು. ಹೆಬ್ಬಗೋಡಿಯಲ್ಲಿ ತುಂತುರು ಮಳೆ ಕೂಡ ಇಲ್ಲ, ರಾಗಿ ಪೈರು ಮೋಡ ನೋಡುತ್ತಾ ನಿಂತಿತ್ತು. ನಾವು ಮಾತ್ರ ರೇಡಿಯೋ ಕಿವಿಗೆ ಹಚ್ಚಿಕೊಂಡು ಕರಾವಳಿಯ ಮಳೆ ಕೇಳುತ್ತಿದ್ದೆವು. ಪ್ರತಿ ವಾರ ಬಾಟಲಿ ಬರುತ್ತಿತ್ತು. ನಾನು ಮೊದಲು ಕೆಂಪು ದಾರದ್ದನ್ನೇ ತೆಗೆಯುತ್ತಿದ್ದೆ.

ಆಷಾಢದ ಕೊನೆಯಲ್ಲಿ ಒಂದು ದೊಡ್ಡ ನೆರೆ ಬಂತು. ಆ ವಾರದ ಕೆಂಪು ದಾರದ ನೀರಿನಲ್ಲಿ ಬುರುಡೆ ನಾನು ಎಂದೂ ನೋಡದಷ್ಟು ಕೆಳಗೆ ಇಳಿಯಿತು. ಅವರನ್ನು ಕರೆದೆ. ಅವರು ಬಗ್ಗಿ ನೋಡಿ, ಹಾಳೆಯಲ್ಲಿ ಅಂಕಿ ಬರೆದುಕೊಂಡರು.

"ಮಾಡೆಲ್ಲಲ್ಲಿ ಇಷ್ಟು ಇಳಿದಿರ್ಲಿಲ್ಲ ಅಲ್ವೇನ್ರೀ?"

"ಇಲ್ಲ. ಇದಕ್ಕಿಂತ ಸ್ವಲ್ಪ ಮೇಲಿತ್ತು."

"ಮತ್ತೆ?"

"ಬಳಚು ಬಾಯಿ ಮುಚ್ಚಿಕೊಂಡು ಕೂತಿರುತ್ತೆ ಜಯಾ. ಅದಕ್ಕೂ ಸ್ವಲ್ಪ ದಿನ ತಡ್ಕೊಳ್ಳೋ ಶಕ್ತಿ ಇದೆ. ಅಮಾವಾಸ್ಯೆ ಬರಲಿ."

ಅಷ್ಟು ಹೇಳಿ ಅವರು ಬೇರೆ ಯಾವುದೋ ಕೆರೆಯ ಲೆಕ್ಕಕ್ಕೆ ಕೂತರು. ಮನೆಯಲ್ಲಿ ನಮ್ಮತ್ತೆ ಕೂಡ ಆ ವಾರ ತಮಾಷೆ ಮಾಡಲಿಲ್ಲ. "ನಿನ್ ಚಿಪ್ಪು ಎಂಗೈತ್ಲಾ?" ಎಂದು ಒಂದು ಸಲ ಕೇಳಿ, ಉತ್ತರಕ್ಕೆ ಕಾಯದೆ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಭೀಮನ ಅಮಾವಾಸ್ಯೆ ಬಂತು. ನಾನು ಅವರ ಪಾದಕ್ಕೆ ಪೂಜೆ ಮಾಡಿ ಎದ್ದಾಗ, "ಈಗ ಅಲ್ಲಿ ಹಲಗೆ ಎತ್ತಿರ್ತಾರೆ," ಎಂದರು. ಮುಂದಿನ ವಾರದ ಬಾಟಲಿಯಲ್ಲಿ ಬುರುಡೆ ಎದ್ದು ನಿಂತಿತ್ತು.

ಭತ್ತದ ಕೊಯ್ಲು ಮುಗಿದ ಮೇಲೆ, ಒಂದು ಬೆಳಿಗ್ಗೆ ಕರಾವಳಿಯ ಬಸ್ಸಿನವನು ಕೊಟ್ಟ ಒದ್ದೆ ಗೋಣಿಯ ಗಂಟು ನಮ್ಮ ಮನೆಗೆ ಬಂತು. ಬಿಚ್ಚಿದರೆ ಬಳಚು. ಅಂಗಳ ತುಂಬ ಉಪ್ಪು ಕೆಸರಿನ ವಾಸನೆ. ಜೊತೆಗಿದ್ದ ಚೀಟಿಯಲ್ಲಿ ನಾಗವೇಣಿ, ಅಣ್ಣನ ಗದ್ದೆಯೂ ಚೆನ್ನಾಗಿ ಬಂತು, ಇವನ್ನು ತೆಂಗಿನಕಾಯಿ ಹಾಕಿ ಮಾಡಿ ತಿನ್ನಿ ಎಂದು ಬರೆಸಿದ್ದಳು.

ನಮ್ಮತ್ತೆ ಒಂದನ್ನು ಎತ್ತಿ ನೆಲಕ್ಕೆ ಕುಟ್ಟಿ ನೋಡಿದರು. "ಇದೇನ್ ಜಯಮ್ಮಿ, ಕಲ್ಲು. ಇದ್ಕಾ ಒಂದ್ ವರ್ಸ ಇಬ್ರೂ ಅನ್ನ ಬುಟ್ಟಿದ್ದು?"

"ಜೀವ ಇದೆ ಅಮ್ಮ, ತಡಿ," ಎಂದರು ಇವರು. ಬಕೆಟ್ಟಿಗೆ ಬಾವಿ ನೀರು ತುಂಬಿ, ಒಂದು ಹಿಡಿ ಕಲ್ಲುಪ್ಪು ಕದಡಿ ಬಳಚು ಹಾಕಿದರು. ಒಂದೂ ಅಲ್ಲಾಡಲಿಲ್ಲ. ನಮ್ಮತ್ತೆ ನನ್ನ ಮುಖ ನೋಡಿ ಹುಬ್ಬು ಹಾರಿಸಿದರು.

"ಇದು ಮೇಲಿನ ನೀರಾಯ್ತು ಜಯಾ," ಎಂದರು ಅವರು. "ತಳದ ನೀರು ಮಾಡು."

ನಾನು ಉಪ್ಪಿನ ಡಬ್ಬವನ್ನೇ ತಂದೆ. ಹಿಡಿ ಹಿಡಿಯಾಗಿ ಹಾಕಿ ಕದಡಿ, ಆಫೀಸಿನಿಂದ ತಂದಿದ್ದ ಬುರುಡೆಯನ್ನು ಬಿಟ್ಟು, ಅದು ಕೆಂಪು ದಾರದ ಎತ್ತರಕ್ಕೆ ಬರುವ ತನಕ ಹಾಕಿದೆ. ಮೂವರೂ ಬಕೆಟ್ಟಿನ ಸುತ್ತ ಕುಕ್ಕರುಗಾಲಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಚಿಪ್ಪು ಕೂದಲೆಳೆಯಷ್ಟು ಬಿರಿಯಿತು. ಒಳಗಿನಿಂದ ಬಿಳಿಯ ನಾಲಿಗೆಯಂಥದ್ದು ಹೊರಗೆ ಬಂದು ನೀರು ಮುಟ್ಟಿ ನೋಡಿತು. ಆಮೇಲೆ ಅದರ ಪಕ್ಕದ್ದು. ನಮ್ಮತ್ತೆ ಹಿಂದಕ್ಕೆ ಸರಿದು, "ಬಾಯ್ಬುಡ್ತು ಕಣ್ಲಾ," ಎಂದರು, ಮೆಲ್ಲಗೆ, ಮಗು ಎದ್ದೀತು ಅನ್ನುವವರ ಹಾಗೆ. ಸಂಜೆ ಅವರೇ ಮಸಾಲೆ ಅರೆದು ಸಾರು ಮಾಡಿದರು. ಮೂವರೂ ತಿಂದೆವು.

ಆಮೇಲೆ ಅವರು ಎಷ್ಟೋ ದೊಡ್ಡ ಕೆಲಸ ಮಾಡಿದರು. ಕಂಪ್ಯೂಟರುಗಳು ದೊಡ್ಡವಾದವು, ಮನೆಗೇ ಬಂದವು. ಯಾರಾದರೂ ಹೊಸಬರು ಬಂದು ಕರಿಹಲಗೆ ತುಂಬ ಪೆಟ್ಟಿಗೆ ಬರೆದರೆ, ಅವರು ಕೇಳುತ್ತಿದ್ದದ್ದು ಒಂದೇ ಮಾತು. "ಪ್ರಶ್ನೆ ಏನು?" ಅದನ್ನು ಬಿಟ್ಟು ಆ ವರ್ಷದ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ.

ಹೋದ ಭಾನುವಾರ ಅಂಗಡಿಯಿಂದ ತಂದ ಬಳಚನ್ನು ಸ್ಟೀಲ್ ಪಾತ್ರೆಗೆ ಹಾಕಿದೆ. ಐಸಿನ ಪೆಟ್ಟಿಗೆಯಲ್ಲಿ ಬಂದವು, ಜೀವ ಇರುವುದೋ ಇಲ್ಲವೋ ಗೊತ್ತಿರಲಿಲ್ಲ. ಕಲ್ಲುಪ್ಪು ಮನೆಯಲ್ಲಿ ಇತ್ತು. ಬುರುಡೆ ಇರಲಿಲ್ಲ, ಅದು ಯಾವಾಗಲೋ ಒಡೆದುಹೋಗಿದೆ. ಒಂದು ಹಿಡಿ ಹಾಕಿ ಕದಡಿ ಬೆರಳಿನಿಂದ ನಾಲಿಗೆಗೆ ಇಟ್ಟು ನೋಡಿದೆ. ಸಾಲದು. ಇದು ಮೇಲಿನ ನೀರು. ಇನ್ನೊಂದು ಹಿಡಿ ಹಾಕಿದೆ, ಇನ್ನೊಂದು. ನಾಲಿಗೆ ಒಪ್ಪಿದ ಮೇಲೆ ನಿಲ್ಲಿಸಿದೆ.

ಮಗಳು ಬಾಗಿಲಲ್ಲಿ ನಿಂತು, "ಏನಮ್ಮ ಇದು? ಯಾರು ತಿಂತಾರೆ?" ಎಂದಳು. "ಕೂತ್ಕೋ, ನೋಡು," ಎಂದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಾತ್ರೆಯ ಅಂಚಿನಲ್ಲಿದ್ದ ಒಂದು, ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಮಗಳು ನನ್ನ ತೋಳು ಹಿಡಿದುಕೊಂಡಳು. ಉಳಿದವಕ್ಕೆ ನಾನು ಅವಸರ ಮಾಡಲಿಲ್ಲ. ನೀರು ಸರಿಯಾಗಿತ್ತು.